ಒಬ್ಬೊಬ್ಬರೇ ಹಾಡಿದರೆ ಚಂದ, ಒಟ್ಟಿಗೆ ಹಾಡಿದರೆ ಸಂತೆ: 32 ಮಕ್ಕಳ ಹಾಡುನಾಟಕಕ್ಕೆ ಸಲಹೆ ಬೇಕು

ಮೂರನೇ ಬೆಂಚು · ಅಕ್ಟೋಬರ್ 6, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡ್ತೀನಿ. ಸಂಗೀತದ ಟೀಚರ್ ಅಲ್ಲ, ಗಣಿತದವಳು. ಹೋದ ವರ್ಷ ಶಾಲಾ ವಾರ್ಷಿಕೋತ್ಸವದಲ್ಲಿ ಸಿನಿಮಾ ಹಾಡಿಗೆ ಕುಣಿಸಿದ್ದು ನೋಡಿ ಬೇಜಾರಾಗಿ, ಈ ಸಲ ಗೋವಿನ ಹಾಡನ್ನೇ ನಾಟಕ ಮಾಡೋಣ, ಮಕ್ಕಳೇ ಹಾಡಲಿ ಅಂತ ಬಾಯಿ ಬಿಟ್ಟು ಹೇಳಿಬಿಟ್ಟೆ. ಈಗ ಅನುಭವಿಸ್ತಿದೀನಿ.

4ರಿಂದ 7ನೇ ತರಗತಿವರೆಗಿನ 32 ಮಕ್ಕಳು. ವಾರಕ್ಕೆ ಮೂರು ದಿನ, ದಿನಕ್ಕೆ 40 ನಿಮಿಷ. ಡಿಸೆಂಬರ್ ಮೂರನೇ ವಾರ ಪ್ರದರ್ಶನ.

ಒಬ್ಬೊಬ್ಬರನ್ನೇ ನಿಲ್ಲಿಸಿ ಹಾಡಿಸಿದರೆ ಮುಕ್ಕಾಲು ಪಾಲು ಮಕ್ಕಳು ಚೆನ್ನಾಗೇ ಹಾಡ್ತಾರೆ. ಒಟ್ಟಿಗೆ ಹಾಡಿಸಿದರೆ ನಾಲ್ಕನೇ ನುಡಿಗೆ ಬರೋ ಹೊತ್ತಿಗೆ ಬಸ್ಸು ಹಿಡಿಯೋಕೆ ಓಡಿದ ಹಾಗೆ ಓಡ್ತಾರೆ. ಮುಂದಿನ ಸಾಲಿನ ಇಬ್ಬರು ಕಿರುಚುತ್ತಾರೆ, ಹಿಂದಿನವರು ಅವರ ಬಾಲ ಹಿಡ್ಕೊಂಡು ಅರ್ಧ ಅಕ್ಷರ ತಡವಾಗಿ ಬರ್ತಾರೆ. ಫೋನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಮಂಗಳವಾರದ ಸಂತೆ!

ಎರಡನೇ ತಲೆನೋವು ಪಾತ್ರ. ಪುಣ್ಯಕೋಟಿ ಆಗೋಕೆ 13 ಜನ ಕೈ ಎತ್ತಿದ್ದಾರೆ. ಉಳಿದವರೆಲ್ಲ ಹಸುಗಳ ಹಿಂಡು. ಹಿಂಡಿಗೆ ಏನೂ ಕೆಲಸ ಇಲ್ಲ. ತಲೆ ಕೆರ್ಕೊಳ್ತಾ, ಕಿಟಕಿ ಕಡೆ ನೋಡ್ತಾ, ಪಕ್ಕದವನ ಕಾಲು ತುಳೀತಾ ನಿಂತಿರ್ತಾರೆ.

ಯೂಟ್ಯೂಬಿನಿಂದ ಒಂದು ಕರೋಕೆ ಟ್ರ್ಯಾಕ್ ಇಳಿಸ್ಕೊಂಡು ಅದರ ಜೊತೆ ಹಾಡಿಸಿಬಿಡಲಾ?

ಅರ್ಧ ಚಹಾ · ಅಕ್ಟೋಬರ್ 6, ರಾತ್ರಿ 9:40

ಟ್ರ್ಯಾಕ್ ಹಾಕಿ ಮೇಡಂ, ನಿದ್ದೆ ಮಾಡಿ. ನನ್ನ ಮಗಳ ಶಾಲೆಯಲ್ಲಿ ಹಾಡೂ ಟ್ರ್ಯಾಕೇ, ಮಾತೂ ಟ್ರ್ಯಾಕೇ, ಮಕ್ಕಳು ತುಟಿ ಆಡಿಸಿದರು. ಅಪ್ಪ ಅಮ್ಮಂದಿರು ವಿಡಿಯೋ ತಗೊಂಡು ಖುಷಿಯಾಗಿ ಮನೆಗೆ ಹೋದರು.

ಪೆಟ್ಟಿಗೆ ಮಾಸ್ತರ · ಅಕ್ಟೋಬರ್ 6, ರಾತ್ರಿ 11:05

ಟ್ರ್ಯಾಕ್ ಬ್ಯಾಡ್ರಿ ಮೇಡಮ್ಮಾರ. ನಾನು ಗದಗ ಕಡಿಯಾಂವ. ಕಂಪನಿ ನಾಟಕದಾಗ ಹದಿನಾಲ್ಕು ವರ್ಷ ಪೆಟ್ಟಿಗೆ, ಅಂದ್ರ ಹಾರ್ಮೋನಿಯಂ, ಬಾರಿಸೇನಿ, ಈಗ ಸಾಲಿ ಹುಡುಗೋರಿಗೆ ಕಲಸ್ತೀನಿ. ಟ್ರ್ಯಾಕಿಗೆ ಕಿವಿ ಇಲ್ರಿ. ಹುಡುಗ ಒಂದು ಸಾಲು ಬಿಟ್ಟು ಮುಂದಿನ ಸಾಲಿಗೆ ಜಿಗದಾ ಅಂದ್ರ ಪೆಟ್ಟಿಗಿ ಬಾರಿಸಾಂವ ತಾನೂ ಜಿಗದು ಅವನ್ನ ಹಿಡಕೊಂತಾನ. ಟ್ರ್ಯಾಕ್ ತನ್ನ ಪಾಡಿಗೆ ತಾನು ಹೊಂಟ ಹೋಗ್ತದ, ಹುಡುಗ ನಡು ದಾರ್‍ಯಾಗ ಉಳೀತಾನ. ಅಷ್ಟ ಅಲ್ಲ, ಟ್ರ್ಯಾಕ್ ಇದ್ದಲ್ಲಿ ಹುಡುಗೋರು ಸ್ಪೀಕರ್ ಮಾತು ಕೇಳ್ತಾರ, ಒಬ್ಬರ ಮಾತು ಒಬ್ಬರು ಕೇಳಂಗಿಲ್ಲ. ನಿಮಗ ಬೇಕಾಗಿದ್ದು ಅದ ಅಲ್ಲೇನ್ರಿ?

ಎರಡ ಪ್ರಶ್ನೆ ಕೇಳ್ತೀನಿ. ಶ್ರುತಿ, ಅಂದ್ರ ಹಾಡಿನ ಆಧಾರ ಸ್ವರ, ಯಾವದು? ಹುಡುಗೋರು ಹಾಡೂ ಮುಂದ ನೀವೂ ಜೋಡಿಗೆ ಹಾಡ್ತೀರೋ?

ಮೂರನೇ ಬೆಂಚು · ಅಕ್ಟೋಬರ್ 7, ಬೆಳಿಗ್ಗೆ 6:50

ಫೋನಲ್ಲಿ ತಂಬೂರಿ ಆ್ಯಪ್ ಇದೆ. ನನಗೆ ಅನುಕೂಲವಾದ ಕಡೆ ಇಟ್ಟಿದೀನಿ, ಬಿಳಿ ಐದು (ಹಾರ್ಮೋನಿಯಂನ ಐದನೇ ಬಿಳಿ ಮನೆ) ಅಂತ ತೋರಿಸುತ್ತೆ. ಹೌದು, ನಾನೂ ಹಾಡ್ತೀನಿ, ಜೋರಾಗೇ. ಇಲ್ಲಾಂದ್ರೆ ನಿಂತುಬಿಡ್ತಾರೆ.

ಪೆಟ್ಟಿಗೆ ಮಾಸ್ತರ · ಅಕ್ಟೋಬರ್ 7, ಬೆಳಿಗ್ಗೆ 8:15

ಅಲ್ಲೇ ಅದ ನೋಡ್ರಿ ರೋಗ. ನಿಂದ್ರಲಿ ಬಿಡ್ರಿ! ನಿಂತರನ ಗೊತ್ತಾಗೋದು ಯಾರಿಗೆ ಬರ್ತದ, ಯಾರಿಗೆ ಬರಂಗಿಲ್ಲ ಅನ್ನೂದು. ನೀವು ಹಾಡಿದ್ರ ನಿಮ್ಮ ದನಿ ಊರುಗೋಲು ಆಗ್ತದ. ಒಂದೊಂದು ಸಾಲು ನೀವು ಹಾಡಿ ತೋರಸ್ರಿ, ಬಾಯಿ ಮುಚಗೊಂಡು ಕೇಳ್ರಿ, ಆಮ್ಯಾಲ ಅವರು ಹಾಡಲಿ. ಎರಡೂ ಏಕಕಾಲಕ್ಕ ಬ್ಯಾಡ.

ಶ್ರುತಿ ವಿಚಾರ. ಬಿಳಿ ಐದು ನಿಮ್ಮ ಗಂಟಲಿಗೆ ಹೊಂದಿದ್ದು. ಆ ಶ್ರುತಿಗೆ ಹಾಡಿನ ಕೆಳಗಿನ ಸ್ವರ ಮಂದ್ರಕ್ಕ ಇಳೀತಂದ್ರ ನಾಲ್ಕನೇತ್ತೆ ಹುಡುಗೋರಿಗೆ ದನೀನ ಬರಂಗಿಲ್ಲ, ಗೊರ್ ಅಂತಾವ. ಮ್ಯಾಲ ತಾರಕ್ಕ ಭಾಳ ಏರಿತಂದ್ರ ಕಿರಚ್ತಾವ. ಹಾಡಿನ್ಯಾಗ ಎಲ್ಲಾಕ್ಕಿಂತ ಕೆಳಗಿನ ಸ್ವರ ಯಾವದು, ಎಲ್ಲಾಕ್ಕಿಂತ ಮ್ಯಾಲಿಂದು ಯಾವದು ಹುಡಕ್ರಿ. ಆ ಎರಡೂ ಪೆಟ್ಟಿಗಿಯ ನಡುವಿನ ಸಪ್ತಕದ ಬಿಳಿ ಒಂದರಿಂದ ಅದರ ಮ್ಯಾಲಿನ ಬಿಳಿ ಒಂದರ ಒಳಗ ಕುಂಡರೂ ಹಂಗ ಶ್ರುತಿ ಇಡ್ರಿ. ಒಂದೆರಡು ಮನಿ ಆಕಡಿ ಈಕಡಿ ಆದ್ರ ನಡೀತದ. ನಿಮ್ಮ ಮುಂದಿನ ಸಾಲಿನ ಇಬ್ಬರು ಕಿರುಚೋದು ಸೊಕ್ಕಿಗಲ್ರಿ, ಶ್ರುತಿ ತಪ್ಪು ಇದ್ದದ್ದಕ್ಕ.

ಇನ್ನೊಂದು. ಅವರು ‘ಧರಣಿ ಮಂಡಲ’ ಅಂತ ಹಾಡೂ ಮುಂದ ನೀವು ಬೆರಳ ಮಡಚಿ ಮಾತ್ರೆ ಎಣಸ್ರಿ. ಗಣಿತದವರ ಅದೀರಿ, ಎಷ್ಟು ಬರ್ತಾವ ಹೇಳ್ರಿ. ಸಂಜೀಕ ಮಾತಾಡೂಣು.

ಮೂರನೇ ಬೆಂಚು · ಅಕ್ಟೋಬರ್ 7, ಸಂಜೆ 7:30

ಮಾಸ್ತರೇ, ಎಂಟು ಬರ್ತಿದೆ!

ಪುಸ್ತಕ ತೆಗೆದು ಲಘು ಗುರು ಹಾಕಿದೆ. ಧರಣಿ ಮೂರು, ಮಂಡಲ ನಾಲ್ಕು. ಏಳು. ಮಕ್ಕಳು ‘ಧರಣೀ’ ಅಂತ ಎಳೆದು ನಾಲ್ಕು ಮಾಡ್ಕೊಂಡಿದ್ದಾರೆ. ಎಲ್ಲರೂ ಅಲ್ಲ, ಅರ್ಧ ಜನ. ಉಳಿದರ್ಧ ಸರಿಯಾಗಿ ಏಳಕ್ಕೇ ಹಾಡ್ತಿದ್ದಾರೆ. ಅಂದ್ರೆ ಪ್ರತಿ ಸುತ್ತಿಗೆ ಒಂದು ಮಾತ್ರೆ ಅಂತರ ಬೀಳ್ತಿದೆ, ಆ ಅಂತರ ಮುಚ್ಚೋಕೆ ಹಿಂದಿನವರು ಓಡ್ತಿದ್ದಾರೆ. ಮೂರು ವಾರದಿಂದ ‘ಗಮನ ಕೊಡಿ, ಗಮನ ಕೊಡಿ’ ಅಂತ ಮಕ್ಕಳನ್ನ ಬೈತಿದ್ದೆ. ಇಷ್ಟು ದಿನ ಬೈದಿದ್ದು ಲೆಕ್ಕದ ತಪ್ಪಿಗೆ!

‘ಗಂಗೆ ಬಾರೇ ಗೌರಿ ಬಾರೇ’ ಕೂಡ ಅದೇ ಲೆಕ್ಕ. ಗಂಗೆ ಮೂರು, ಬಾರೇ ನಾಲ್ಕು.

ಚಂಡೆ ಕೋಲು · ಅಕ್ಟೋಬರ್ 7, ರಾತ್ರಿ 10:22

ಇದು ನಮ್ಮ ಕಡೆ ದಿನಾ ನೋಡುವ ಕತೆ ಮಾರಾಯ್ರೆ. ನಾನು ಕುಂದಾಪುರ ಹತ್ತಿರ ಮಕ್ಕಳಿಗೆ ಯಕ್ಷಗಾನ ಹೆಜ್ಜೆ ಹೇಳಿಕೊಡುದು. ಏಳಕ್ಷರದ ಹಾಡನ್ನು ಕೂತಲ್ಲೇ ಕೂತು ಕಲಿಸಿದರೆ ನೂರಕ್ಕೆ ನೂರು ಮಕ್ಕಳು ಅದನ್ನು ಎಂಟು ಮಾಡ್ತಾರೆ. ಎಂಟು ಅಂದ್ರೆ ದೇಹಕ್ಕೆ ಸುಖ, ಸಮಸಮ ಬರ್ತದೆ. ಏಳು ಕಾಲಿಂದ ಬರ್ಬೇಕು.

ಹೀಗೆ ಮಾಡಿ. ಹಾಡು ಬೇಡ, ಬರೀ ‘ತಕಿಟ ತಕಧಿಮಿ’ ಹೇಳಿಸಿ. ‘ತಕಿಟ’ದ ‘ತ’ಕ್ಕೆ ಬಲಗಾಲು, ‘ತಕಧಿಮಿ’ಯ ‘ತ’ಕ್ಕೆ ಎಡಗಾಲು. ಬಲ ಗಿಡ್ಡ ಹೆಜ್ಜೆ, ಎಡ ಉದ್ದ ಹೆಜ್ಜೆ. ಅಂಗಳದಲ್ಲಿ ಸುತ್ತು ಹಾಕಿಸಿ. ಮೊದಲ ದಿನ ಕುಂಟಿದ ಹಾಗೆ ಕಾಣ್ತದೆ. ಮೂರನೇ ದಿನಕ್ಕೆ ನೋಡಿ, ಅದು ಹಸು ಮೇಯ್ತಾ ನಡೆದ ಹಾಗೇ ಆಗ್ತದೆ, ಸೊಂಟ ತಾನಾಗಿ ಒಂದು ಬದಿಗೆ ತೂಗ್ತದೆ. ನಿಮಗೆ ಹಿಂಡಿನ ನಡಿಗೆಯೂ ಸಿಕ್ಕಿತು, ತಾಳವೂ ಸಿಕ್ಕಿತು. ಅದರ ಮೇಲೆ ಹಾಡು ಕೂರಿಸಿ.

ಹಿಂಡಿಗೆ ಕೆಲಸ ಇಲ್ಲ ಅಂದಿರಲ್ಲ. ಮೇಳದಲ್ಲಿ ಹೊಸ ಹುಡುಗ ಬಂದರೆ ಅವನಿಗೆ ಅರ್ಜುನನ ವೇಷ ಕೊಡುದಿಲ್ಲ. ಮೊದಲು ಕೋಡಂಗಿ, ಆಮೇಲೆ ಬಾಲಗೋಪಾಲ. ಮುಖ್ಯ ಕತೆಗೆ ಮೊದಲಿನ ಪೂರ್ವರಂಗದಲ್ಲಿ ಹತ್ತಾರು ರಾತ್ರಿ ಕುಣಿದು ಕುಣಿದು, ಭಾಗವತರ ದನಿಗೆ, ಮದ್ದಳೆಯ ಪೆಟ್ಟಿಗೆ ಅವನ ಕಾಲು ಒಗ್ಗಿದ ಮೇಲೆ ಮುಂದಿನ ವೇಷ. ಕೋಡಂಗಿ ಅಂದ್ರೆ ಸಣ್ಣ ಪಾತ್ರ ಅಂತ ಯಾರೂ ಅಳುದಿಲ್ಲ, ಅದೇ ಶಾಲೆ. ಸಾಲಿಗ್ರಾಮದಲ್ಲಿ 1975ರಲ್ಲೇ ಮಕ್ಕಳದ್ದೇ ಮೇಳ ಕಟ್ಟಿದರು. ದೊಡ್ಡವರ ಆಟವನ್ನು ಮಕ್ಕಳು ಅಣಕಿಸುದಲ್ಲ, ಮಕ್ಕಳೇ ಪೂರ್ತಿ ಪ್ರಸಂಗ ಆಡುದು. ಅಲ್ಲಿಂದ ಮೇಲೆ ನಮ್ಮ ಕಡೆ ಮಕ್ಕಳಿಗೆ ಇದೆಲ್ಲ ಆಗುದಿಲ್ಲ ಅಂತ ಹೇಳಿದರೆ ಯಾರೂ ಒಪ್ಪುದಿಲ್ಲ.

ಬೇಸಿಗೆ ಶಿಬಿರ · ಅಕ್ಟೋಬರ್ 8, ಮಧ್ಯಾಹ್ನ 1:10

ಮೈಸೂರಿನಿಂದ. ಏಪ್ರಿಲ್, ಮೇ ಬಂತೆಂದರೆ ಮಕ್ಕಳ ಶಿಬಿರಗಳಲ್ಲೇ ನನ್ನ ಜೀವನ. ತಾಳ, ಶ್ರುತಿ ಬಗ್ಗೆ ಹಿರಿಯರು ಹೇಳಿದ್ದಾರೆ. ನಾನು ಕಿವಿಯ ಬಗ್ಗೆ ಹೇಳುತ್ತೇನೆ.

ಗುಂಪಿನಲ್ಲಿ ಹಾಡುವುದಕ್ಕೆ ಗಂಟಲಿಗಿಂತ ಕಿವಿ ಮುಖ್ಯ. ಕಿವಿಗೆ ಬೇರೆಯೇ ಆಟ ಬೇಕು. ನಾನು ಮೊದಲ ವಾರ ಹಾಡನ್ನು ಮುಟ್ಟುವುದೇ ಇಲ್ಲ. ಎಲ್ಲರನ್ನೂ ವೃತ್ತದಲ್ಲಿ, ಬೆನ್ನು ಒಳಗೆ ಮುಖ ಹೊರಗೆ ಮಾಡಿ ಕೂರಿಸುತ್ತೇನೆ. ಒಂದರಿಂದ ಇಪ್ಪತ್ತರವರೆಗೆ ಎಣಿಸಬೇಕು. ಒಂದು ಸಂಖ್ಯೆಯನ್ನು ಯಾರಾದರೂ ಒಬ್ಬರೇ ಹೇಳಬೇಕು, ಯಾರು ಅಂತ ಮೊದಲೇ ಗೊತ್ತುಮಾಡಿಕೊಳ್ಳುವಂತಿಲ್ಲ, ಸನ್ನೆ ಇಲ್ಲ. ಇಬ್ಬರು ಒಟ್ಟಿಗೆ ಹೇಳಿದರೆ ಮತ್ತೆ ಒಂದರಿಂದ. ಇದು ಜಗತ್ತಿನ ಎಷ್ಟೋ ಕಡೆ ನಾಟಕದವರು ಆಡುವ ಆಟ, ನನ್ನದೇನಲ್ಲ. ಮೊದಲ ದಿನ ಐದು ದಾಟುವುದಿಲ್ಲ. ಚುರುಕು ಮಕ್ಕಳು ಎಲ್ಲ ಸಂಖ್ಯೆಯನ್ನೂ ತಾವೇ ಹೇಳಲು ಹೋಗಿ ಡಿಕ್ಕಿ ಹೊಡೆಯುತ್ತಾರೆ. ನಾಲ್ಕೈದು ದಿನಕ್ಕೆ ಒಂದು ಮೌನ ಹುಟ್ಟುತ್ತದೆ. ಯಾರೋ ಉಸಿರು ಎಳೆದುಕೊಂಡದ್ದು ಕೇಳಿಸುತ್ತದೆ, ‘ಓ, ಅವಳು ಹೇಳುತ್ತಾಳೆ’ ಅಂತ ಉಳಿದವರು ತಡೆಯುತ್ತಾರೆ. ಆ ತಡೆ ಬಂತಲ್ಲ, ಆ ದಿನ ಹಾಡು ಶುರುಮಾಡಿ.

ಎರಡನೆಯದು ಮುಳುಗುವ ಆಟ. ಎರಡು ಸಾಲು ದನಿ ತೆಗೆದು ಹಾಡಿ, ನಾನು ಕೈ ಇಳಿಸಿದ ಕೂಡಲೇ ಮುಂದಿನ ಎರಡು ಸಾಲು ಮನಸ್ಸಿನಲ್ಲೇ ಹಾಡಬೇಕು, ಕೈ ಎತ್ತಿದಾಗ ಎಲ್ಲರೂ ಒಂದೇ ಅಕ್ಷರದಲ್ಲಿ ಮೇಲೆ ಬರಬೇಕು. ಯಾರು ಓಡುತ್ತಾರೆ, ಯಾರು ಎಳೆಯುತ್ತಾರೆ ಅಂತ ತಕ್ಷಣ ಗೊತ್ತಾಗುತ್ತದೆ. ನೀವು ಹೇಳಬೇಕಾಗಿಲ್ಲ, ಅವರಿಗೇ ಗೊತ್ತಾಗಿ ನಗುತ್ತಾರೆ.

ಕನ್ನಡದಲ್ಲಿ ಹಾಡುವಾಗ ಇನ್ನೊಂದು ತೊಂದರೆಯೂ ಇದೆ. ನಮ್ಮ ಪದಗಳು ಬಹುಪಾಲು ಸ್ವರದಲ್ಲೇ ಮುಗಿಯುತ್ತವೆ. ‘ಬಾರೇ’ ಅಂತ 32 ಮಕ್ಕಳು ಹಾಡಿದರೆ ಆ ‘ಏ’ ಎಲ್ಲಿ ನಿಲ್ಲಬೇಕು ಅಂತ ಯಾರಿಗೂ ಗೊತ್ತಿರುವುದಿಲ್ಲ, ಒಬ್ಬೊಬ್ಬರದು ಒಂದೊಂದು ಕಡೆ ಜೋತುಬೀಳುತ್ತದೆ. ಸಾಲು ಎಲ್ಲಿ ಕತ್ತರಿಸಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ಮೊದಲೇ ಗೊತ್ತುಮಾಡಿಕೊಳ್ಳಿ. ಹ್ರಸ್ವ ದೀರ್ಘದ ಕತೆ ನಿಮಗೇ ಗೊತ್ತಾಗಿದೆ. ನಮ್ಮ ಶಿಬಿರದಲ್ಲಿ ಒಮ್ಮೆ ‘ಮರ ಹತ್ತಿ ನೋಡಿದ’ ಅನ್ನುವ ಸಾಲು ರಾಗದಲ್ಲಿ ಎಳೆದು ‘ಮಾರ ಹತ್ತಿ ನೋಡಿದ’ ಆಗಿ, ಕೊನೆಗೆ ಮಾರ ಅಂತ ಒಂದು ಪಾತ್ರವನ್ನೇ ಸೃಷ್ಟಿ ಮಾಡಬೇಕಾಯಿತು!

ಹಿಂಡು ಬರೀ ಹಿಂಡಾಗಿ ಯಾಕೆ ನಿಂತಿರಬೇಕು? ಬೆಟ್ಟ ಅವರೇ, ಕಾಡು ಅವರೇ, ಹುಲಿಯ ಗವಿ ಅವರೇ. ಗವಿಯ ಬಾಯಿ ತೆರೆಯುವುದು ಅವರ ಕೈಗಳಿಂದ. ಗಾಳಿ ಅವರ ಬಾಯಿಂದ. ರಂಗನಿರ್ದೇಶಕ ಬಿ.ವಿ. ಕಾರಂತರು ಹುಡುಗನಾಗಿದ್ದಾಗ ಮನೆ ಬಿಟ್ಟು ಗುಬ್ಬಿ ನಾಟಕ ಕಂಪನಿ ಸೇರಿ ಬೆಳೆದವರು, ಕಂಪನಿಯ ಹಾಡಿನ ರುಚಿ ಅವರ ಮೈಯಲ್ಲಿತ್ತು. ಆದರೆ ಅವರ ನಾಟಕಗಳಲ್ಲಿ ಸಂಗೀತ ಪೆಟ್ಟಿಗೆಯೊಳಗೆ ಮಾತ್ರ ಇರುತ್ತಿರಲಿಲ್ಲ. ಕೈಗೆ ಸಿಕ್ಕ ವಸ್ತು, ನಟರ ಉಸಿರು, ಉದ್ಗಾರ ಎಲ್ಲವೂ ವಾದ್ಯ. 1989ರಲ್ಲಿ ಅವರು ಇಲ್ಲಿ ರಂಗಾಯಣ ಎಂಬ ನಾಟಕ ಸಂಸ್ಥೆ ಕಟ್ಟಿದ ಮೇಲೆ ಮೈಸೂರಿನ ಮಕ್ಕಳ ಶಿಬಿರಗಳಿಗೂ ಆ ಗಾಳಿ ತಾಗಿತು. ನಿಮ್ಮ ಶಾಲೆಯಲ್ಲಿ ಹಾರ್ಮೋನಿಯಂ ಇಲ್ಲದಿದ್ದರೆ ತೆಂಗಿನ ಚಿಪ್ಪು ಇದ್ದೇ ಇರುತ್ತದಲ್ಲ, ಬಿಸಿಯೂಟದ ಕೋಣೆಯಲ್ಲಿ.

ಪಾತ್ರದ ಜಗಳಕ್ಕೆ: ಪುಣ್ಯಕೋಟಿಗೆ ಒಂದು ಕೊರಳ ಗಂಟೆ ಮಾಡಿ. ಗಂಟೆ ಯಾರ ಕೊರಳಲ್ಲಿದೆಯೋ ಅವರು ಪುಣ್ಯಕೋಟಿ. ಮೇವಿಗೆ ಹೋಗುವಾಗ ಒಬ್ಬಳು, ಹುಲಿಯ ಮುಂದೆ ಇನ್ನೊಬ್ಬಳು, ಕರುವಿಗೆ ಹಾಲು ಕೊಡಲು ಬಂದಾಗ ಮತ್ತೊಬ್ಬಳು. ಗಂಟೆ ಬದಲಾಯಿಸುವುದನ್ನು ಮುಚ್ಚಿಡಬೇಡಿ, ಎಲ್ಲರಿಗೂ ಕಾಣುವ ಹಾಗೆ ಮಾಡಿ.

ಅರ್ಧ ಚಹಾ · ಅಕ್ಟೋಬರ್ 8, ಮಧ್ಯಾಹ್ನ 3:02

ಇದು ಒಪ್ಪಲ್ಲ ನಾನು. ಚೆನ್ನಾಗಿ ಹಾಡೋ ಹುಡುಗಿ ಇದ್ದಾಳೆ ಅಂದ್ರೆ ಅವಳಿಗೆ ಪೂರ್ತಿ ಪಾತ್ರ ಕೊಡಬೇಕು. ಪ್ರತಿಭೆ ಇದ್ದವರನ್ನ ಹಿಂಡಿನಲ್ಲಿ ಕರಗಿಸೋದು ಯಾವ ನ್ಯಾಯ? ನೋಡೋರಿಗೂ ಗೊಂದಲ. ಮೂರು ಮುಖ, ಯಾವುದು ಪುಣ್ಯಕೋಟಿ ಅಂತ ಯಾರಿಗೆ ಗೊತ್ತಾಗುತ್ತೆ?

ಚಂಡೆ ಕೋಲು · ಅಕ್ಟೋಬರ್ 8, ಸಂಜೆ 4:45

ಇಡೀ ರಾತ್ರಿಯ ಆಟದಲ್ಲಿ ಒಂದೇ ಪಾತ್ರವನ್ನು ಇಬ್ಬರು ಮೂವರು ಹಂಚಿಕೊಳ್ಳುದು ನಮ್ಮಲ್ಲಿ ಮಾಮೂಲು. ಹತ್ತು ಗಂಟೆಗೆ ನೋಡಿದ ಮುಖ ಎರಡು ಗಂಟೆಗೆ ಬೇರೆ ಇರ್ತದೆ. ಗದ್ದೆಯಲ್ಲಿ ಕೂತ ಅಜ್ಜಿಗೆ ಗೊಂದಲ ಆದದ್ದು ನಾನು ನೋಡಿಲ್ಲ.

ಪೆಟ್ಟಿಗೆ ಮಾಸ್ತರ · ಅಕ್ಟೋಬರ್ 8, ಸಂಜೆ 6:20

ಅರ್ಧ ಚಹಾ ಅವರ ಮಾತಿನ್ಯಾಗೂ ಹುರುಳದ ಅಂತೀನಿ ನಾ. ಕಂಪನಿ ನಾಟಕ ನಿಂತದ್ದ ‘ಒನ್ಸ್ ಮೋರ್’ ಮ್ಯಾಲ. ಒಬ್ಬ ಗಾಯಕ ನಟ ಬಂದು ನಿಂತು ಹಾಡಿದಾ ಅಂದ್ರ ಮಂದಿ ಮತ್ತ ಹಾಡು ಅಂತಿದ್ರು, ಕತಿ ಅಲ್ಲೇ ನಿಲ್ತಿತ್ತು. ಆ ಸುಖ ಬ್ಯಾರೆ, ಅದನ್ನ ತಗದ ಹಾಕಬಾರದು. ಹುಲಿ ಮುಂದ ಪುಣ್ಯಕೋಟಿ ಬೇಡಿಕೊಳ್ಳೂ ನುಡಿ ಅದಾವಲ್ಲ, ಅಲ್ಲಿ ಒಂದ ದನಿ ಇರಲಿ. ಛಲೋ ಹಾಡಾಕಿ ಹಾಡಲಿ, ಉಳಿದವರು ತೆಪ್ಪಗ ಶ್ರುತಿ ಹಿಡೀಲಿ. ಮೂವತ್ತೊಂದು ಹುಡುಗೋರು ಒಬ್ಬಾಕಿಗೆ ದಾರಿ ಬಿಟ್ಟು ಸುಮ್ಮನ ಕುಂಡರೂದು ಕಲಿತ್ರ ಅದೂ ಮೇಳದ ವಿದ್ಯೇನ.

ಹಿಂದಿನ ಸಾಲು · ಅಕ್ಟೋಬರ್ 9, ರಾತ್ರಿ 12:30

ಐದನೇ ಕ್ಲಾಸಲ್ಲಿ ನಾನು ಮರ ಆಗಿದ್ದೆ. ನಲವತ್ತು ನಿಮಿಷ ಕೈ ಎತ್ತಿಕೊಂಡು ನಿಂತಿದ್ದೆ. ಇವತ್ತಿಗೂ ಆ ನಾಟಕದ ಹೆಸರು ಗೊತ್ತಿಲ್ಲ, ಕೈ ನೋವು ಗೊತ್ತಿದೆ. ಬೆಟ್ಟ ಕಾಡು ಆಗಿಸಿ, ಆದರೆ ಬೆಟ್ಟಕ್ಕೂ ಹಾಡಲು ಏನಾದರೂ ಕೊಡಿ ದಯವಿಟ್ಟು.

ಎಡಿಸನ್ ಅಪ್ಪ · ಅಕ್ಟೋಬರ್ 9, ಬೆಳಿಗ್ಗೆ 7:55

ನ್ಯೂಜೆರ್ಸಿಯಿಂದ. ಇಲ್ಲಿ ಶಾಲೆಯ ಮ್ಯೂಸಿಕಲ್ ಅಂದರೆ ಊರ ಜಾತ್ರೆ. ದೊಡ್ಡ ಬ್ರಾಡ್‌ವೇ ನಾಟಕಗಳನ್ನು ಮಕ್ಕಳಿಗೆಂದೇ 60 ನಿಮಿಷಕ್ಕೆ, ಇನ್ನೂ ಚಿಕ್ಕವರಿಗೆ 30 ನಿಮಿಷಕ್ಕೆ ಇಳಿಸಿ, ಸ್ವರಗಳನ್ನೂ ಮಕ್ಕಳ ಗಂಟಲಿಗೆ ಹೊಂದಿಸಿ, ಜೊತೆಗೆ ಟ್ರ್ಯಾಕ್ ಕೊಟ್ಟು ಶಾಲೆಗಳಿಗೆ ಪರವಾನಗಿ ಮಾರುತ್ತಾರೆ. ಆದ್ದರಿಂದ ಟ್ರ್ಯಾಕ್ ಅಂದರೆ ಪಾಪ ಅಂತ ನನಗನ್ನಿಸುವುದಿಲ್ಲ. ಆದರೆ ಅಲ್ಲೂ ತುಟಿ ಆಡಿಸುವ ಮಾತಿಲ್ಲ. ಟ್ರ್ಯಾಕಿನಲ್ಲಿ ವಾದ್ಯ ಮಾತ್ರ, ಹಾಡಬೇಕಾದ್ದು ಮಕ್ಕಳೇ. ಮಗಳು ಮೊದಲ ವರ್ಷ ಗುಂಪಿನಲ್ಲಿದ್ದಳು. ಗುಂಪಿನ ಪ್ರತಿ ಮಗುವಿಗೂ ‘ನೀನು ಯಾರು, ಎಲ್ಲಿಂದ ಬಂದೆ, ಈ ಬೀದಿಯಲ್ಲಿ ಏನು ಮಾಡುತ್ತಿದ್ದೀಯ’ ಅಂತ ಒಂದು ಹೆಸರು, ಒಂದು ಕತೆ ಬರೆದುಕೊಂಡು ಬರಲು ಹೇಳಿದ್ದರು. ಅವಳು ಮೀನು ಮಾರುವವಳು. ಮನೆಯಲ್ಲಿ ಮೂರು ವಾರ ಮೀನಿನದೇ ಮಾತು, ಮನೆ ಶುದ್ಧ ಸಸ್ಯಾಹಾರಿ.

ನಿಮ್ಮ ಹಸುಗಳಿಗೂ ಹೆಸರಿಟ್ಟರೆ ಹೇಗೆ?

ಮೂರನೇ ಬೆಂಚು · ಅಕ್ಟೋಬರ್ 30, ರಾತ್ರಿ 9:50

ತಡವಾಗಿ ಬರ್ತಿದೀನಿ, ಮಧ್ಯಂತರ ರಜೆ, ಮೌಲ್ಯಮಾಪನ ಎಲ್ಲ ಮುಗೀತು. ವರದಿ ಕೊಡ್ತೀನಿ.

ಶ್ರುತಿ ಇಳಿಸಿದೆ. ಕಿರುಚಾಟ ಎರಡೇ ದಿನಕ್ಕೆ ನಿಂತಿತು, ನಂಬೋಕಾಗಲಿಲ್ಲ. ನಾನು ಹಾಡೋದು ನಿಲ್ಲಿಸಿದೆ, ಇದು ಮಾತ್ರ ಕಷ್ಟ. ಬಾಯಿ ತಾನಾಗೇ ತೆರ್‍ಕೊಳ್ಳುತ್ತೆ, ಈಗ ಒಂದು ಲವಂಗ ಬಾಯಲ್ಲಿ ಇಟ್ಕೊಳ್ತೀನಿ.

ಎಣಿಸೋ ಆಟ ಏಳಕ್ಕೆ ಬಂದು ನಾಲ್ಕು ದಿನ ಸಿಕ್ಕಿಹಾಕ್ಕೊಂಡಿತ್ತು. ತರಗತಿಯಲ್ಲಿ ಎಂದೂ ಬಾಯಿ ಬಿಡದ ನಾಲ್ಕನೇ ಕ್ಲಾಸಿನ ಒಬ್ಬಳು, ಎಲ್ಲರೂ ಹೆದರಿ ಸುಮ್ಮನಾದಾಗ ಸಣ್ಣಗೆ ‘ಎಂಟು’ ಅಂದಳು. ಅಲ್ಲಿಂದ ಹದಿನಾಲ್ಕರವರೆಗೆ ಹೋಯ್ತು. ಇಪ್ಪತ್ತು ಇನ್ನೂ ಆಗಿಲ್ಲ.

ಹೆಸರಿನ ವಿಷಯಕ್ಕೆ ಬರ್ತೀನಿ. ಕಾಳಿಂಗ ಒಂದೊಂದೇ ಹಸುವನ್ನ ಕರೆಯೋ ಜಾಗದಲ್ಲಿ ಎಲ್ಲರಿಗೂ ಹೆಸರಿಡೋಣ, ಆದರೆ ಹೆಸರು ಮೂರು ಮಾತ್ರೆ ಇರಬೇಕು, ಆಮೇಲೆ ‘ಬಾರೇ’ ನಾಲ್ಕು ಅಂತ ನಿಯಮ ಹಾಕಿದೆ. ಕನ್ನಡ ಪಾಠದಲ್ಲಿ ಲಘು ಗುರು ಅಂದ್ರೆ ಆಕಳಿಸೋ ಮಕ್ಕಳು ಈಗ ಮರದ ಕೆಳಗೆ ಕೂತು ಬೆರಳು ಮಡಚ್ತಿದ್ದಾರೆ! ಕಪಿಲೆ, ಕೆಂಚಿ, ಬೆಳ್ಳಿ, ಚುಕ್ಕಿ, ಮಲ್ಲಿ, ತುಂಗೆ, ಲಕ್ಷ್ಮಿ. ಕರೆದಾಗ ಆ ಹಸು ಏಳು ಎಣಿಕೆಯಲ್ಲಿ ನಡೆದು ಬಂದು ಹಿಂಡು ಸೇರಬೇಕು. ಯಾರೂ ಈಗ ಕಿಟಕಿ ನೋಡಲ್ಲ, ತಮ್ಮ ಹೆಸರು ಯಾವಾಗ ಬರುತ್ತೋ ಅಂತ ಕಾಯ್ತಿರ್ತಾರೆ.

ಒಬ್ಬ ಮಾತ್ರ ತನಗೆ ಕಾವೇರಿ ಅಂತಾನೇ ಹೆಸರು ಬೇಕು ಅಂತ ಹಟ ಹಿಡಿದಿದ್ದಾನೆ. ಅವರ ಮನೆ ಹಸುವಿನ ಹೆಸರಂತೆ. ಕಾವೇರಿ ಐದು ಮಾತ್ರೆ. ಏನು ಮಾಡಲಿ?

ಇನ್ನೊಂದು ಗಂಭೀರ ಪ್ರಶ್ನೆ. ಏಳನೇ ಕ್ಲಾಸಿನ ಒಬ್ಬ ಹುಡುಗ, ಹೋದ ವರ್ಷ ಪ್ರಾರ್ಥನೆಗೆ ಅವನದೇ ದನಿ. ಈಗ ದನಿ ಒಡೆದಿದೆ. ಹಾಡೋಕೆ ಹೋದರೆ ಎರಡು ದನಿ ಬರುತ್ತೆ, ಉಳಿದವರು ನಗ್ತಾರೆ. ಎರಡು ದಿನದಿಂದ ತಾಲೀಮಿಗೇ ಬರ್ತಿಲ್ಲ.

ಪೆಟ್ಟಿಗೆ ಮಾಸ್ತರ · ಅಕ್ಟೋಬರ್ 30, ರಾತ್ರಿ 11:31

‘ಕಾವೇರಿ ಬಾ’ ಅನ್ರಿ. ಐದು ಮತ್ತ ಎರಡು, ಏಳ ಆತು. ಆದ್ರ ಎರಡನೇ ಹೆಜ್ಜಿ ‘ವೇ’ ನಡುವ ಬೀಳ್ತದ, ಅಕ್ಷರದ ಮ್ಯಾಲ ಅಲ್ಲ. ಎಲ್ಲಾ ಹಸು ಒಂದು ಥರಾ ಬಂದ್ರ, ಈ ಹಸು ಒಂದೀಟು ತೊಡರಗೊಂಡು ಬರ್ತದ. ಬರಲಿ ಬಿಡ್ರಿ! ಪ್ರತಿ ಹಿಂಡಿನ್ಯಾಗೂ ಅಂಥಾದ್ದೊಂದು ಇರ್ತದ, ಮಂದಿ ಅದನ್ನ ನೋಡಿ ನಗ್ತಾರ.

ದನಿ ಒಡದ ಹುಡುಗನ್ನ ಬಿಡಬ್ಯಾಡ್ರಿ. ಹನ್ನೆರಡು ಹದಿಮೂರಕ್ಕ ಇದು ಎಲ್ಲಾರಿಗೂ ಬರೂದ, ಅವಂಗ ಮದಲ ಬಂದದ ಅಷ್ಟ. ಒತ್ತಾಯ ಮಾಡಿ ಹಳೇ ಶ್ರುತ್ಯಾಗ ಹಾಡಸಬ್ಯಾಡ್ರಿ, ಗಂಟಲಕ್ಕ ಪೆಟ್ಟು. ನನಗೂ ಹದಿಮೂರನೇ ವಯಸ್ಸಿನ್ಯಾಗ ದನಿ ಹೋತು. ‘ನಿನ್ನ ಹಾಡು ಮುಗೀತಲೇ’ ಅಂದ್ರು ಒಬ್ಬ ಹಿರೇರು. ಅವತ್ತ ಪೆಟ್ಟಿಗಿ ಹಿಡಿದಾಂವ ನಾ, ಇವತ್ತಿನ ತನಕ ಬಿಟ್ಟಿಲ್ಲ. ಅವಂಗ ತಾಳ ಕೊಡ್ರಿ. ಇಡೀ ಮೇಳದ ಏಳು ಅವನ ಕೈಯಾಗ ಇರಲಿ. ಮತ್ತ ಹುಲಿಗೆ ಎಂಥಾ ದನಿ ಬೇಕು ಅಂತೀರಿ? ಒಡಕ ದನೀನ ಬೇಕಲ್ರಿ!

ಬೇಸಿಗೆ ಶಿಬಿರ · ಅಕ್ಟೋಬರ್ 31, ಬೆಳಿಗ್ಗೆ 9:15

ಲವಂಗದ ಉಪಾಯ ಕದ್ದೆ.

ಒಂದು ಎಚ್ಚರಿಕೆ, ಮೈಕಿನ ಬಗ್ಗೆ. ಊರಿನ ಧ್ವನಿವರ್ಧಕದವರು ಕೈಯಲ್ಲಿ ಹಿಡಿಯುವ ಎರಡು ಮೈಕ್ ಕೊಟ್ಟು ಹೋಗುತ್ತಾರೆ. ಮೈಕ್ ಯಾರ ಕೈಯಲ್ಲಿದೆಯೋ ಅವರ ದನಿ ಮಾತ್ರ ಕೇಳುತ್ತದೆ, ಎರಡು ತಿಂಗಳು ಕಟ್ಟಿದ ಮೇಳ ಒಂದು ನಿಮಿಷದಲ್ಲಿ ಒಂಟಿ ದನಿಯಾಗುತ್ತದೆ. ನಾನೇ ಈ ತಪ್ಪು ಮಾಡಿ ಅತ್ತವನು. ಮೈಕನ್ನು ಮೇಲಿಂದ ತೂಗುಹಾಕಿಸಿ ಅಥವಾ ವೇದಿಕೆಯ ಅಂಚಿನಲ್ಲಿ ಸ್ಟ್ಯಾಂಡಿಗೆ ನಿಲ್ಲಿಸಿ ಗುಂಪಿನ ಕಡೆ ತಿರುಗಿಸಿ. ಜೋರು ದನಿಯವರನ್ನು ಮೈಕಿಗೆ ದೂರ, ಹಿಂದಿನ ಸಾಲಿನ ನಡುವೆ ನಿಲ್ಲಿಸಿ. ಹಿಂದಿನಿಂದ ಬರುವ ಗಟ್ಟಿ ದನಿ ಮುಂದಿನವರ ಕಿವಿಗೆ ಬೀಳುತ್ತದೆ, ಅವರಿಗೆ ಧೈರ್ಯ ಬರುತ್ತದೆ.

ಬೆಂಗಳೂರಿನಲ್ಲಿ ಪ್ರೇಮಾ ಕಾರಂತರು 1979ರಲ್ಲಿ ಮಕ್ಕಳ ನಾಟಕಕ್ಕೆಂದು ಬೆನಕ ಮಕ್ಕಳ ಕೇಂದ್ರ ಶುರುಮಾಡಿದ ಕಾಲದ ಹಿರಿಯರು ಸಿಕ್ಕರೆ ಕೇಳಿ ನೋಡಿ, ನಾಟಕಕ್ಕಿಂತ ಹೆಚ್ಚು ಕತೆಗಳು ತಾಲೀಮಿನವೇ ಇರುತ್ತವೆ.

ಚಂಡೆ ಕೋಲು · ನವೆಂಬರ್ 2, ರಾತ್ರಿ 8:40

ನಿಮ್ಮ ಕಡೆ ಜಡೆ ಕೋಲಾಟ ಉಂಟಲ್ಲ? ಬಲ್ಲವರು ಯಾರಾದರೂ ಇದ್ದರೆ ಒಂದು ವಾರ ಕರೆಸಿ. ಮೇಲಿಂದ ಇಳಿಬಿಟ್ಟ ಹಗ್ಗ ಹಿಡಿದು ಒಬ್ಬರನ್ನೊಬ್ಬರು ದಾಟುತ್ತಾ ಜಡೆ ಹೆಣೆಯುದು, ಮತ್ತೆ ಹಿಮ್ಮುಖ ಕುಣಿದು ಬಿಚ್ಚುದು. ಒಬ್ಬ ತಪ್ಪು ಬದಿಯಿಂದ ದಾಟಿದರೆ ಯಾರೂ ಬೈಬೇಕಾಗಿಲ್ಲ, ಗಂಟು ಅಲ್ಲೇ ಕಾಣ್ತದೆ. ಅದನ್ನು ಬಿಚ್ಚಲಿಕ್ಕೂ ಎಲ್ಲರೂ ಬೇಕು.

ಮೂರನೇ ಬೆಂಚು · ನವೆಂಬರ್ 3, ಬೆಳಿಗ್ಗೆ 6:30

ಪಕ್ಕದ ಊರಿನ ಒಬ್ಬ ತಾತನನ್ನ ವಿಚಾರಿಸಿದೀನಿ. ಬರ್ತೀನಿ ಅಂದಿದ್ದಾರೆ, ಬಿಸಿಯೂಟ ಕೊಡಬೇಕಂತೆ ಅಷ್ಟೇ.

ಅರ್ಧ ಚಹಾ · ಡಿಸೆಂಬರ್ 23, ಸಂಜೆ 5:00

ಮೇಡಂ, ಏನಾಯ್ತು? ನಾನು ವಿರೋಧ ಪಕ್ಷದವನಾದರೂ ಕಾಯ್ತಿದೀನಿ.

ಮೂರನೇ ಬೆಂಚು · ಡಿಸೆಂಬರ್ 24, ರಾತ್ರಿ 10:18

ಆಯ್ತು ನಾಟಕ. 27 ನಿಮಿಷ.

ಮೊದಲು ಕೆಟ್ಟದ್ದು ಹೇಳಿಬಿಡ್ತೀನಿ. ಬಿಚ್ಚೋವಾಗ ಜಡೆ ಗಂಟಾಯ್ತು, ಬಿಚ್ಚೋಕಾಗದೆ ಹಾಗೇ ಬಿಟ್ಟು ಮುಂದಕ್ಕೆ ಹೋದ್ವಿ, ನಾಟಕ ಮುಗಿಯೋವರೆಗೂ ಅದು ನೇತಾಡ್ತಿತ್ತು. ಮೂರನೇ ಪುಣ್ಯಕೋಟಿಗೆ ಗಂಟೆ ಹಾಕೋವಾಗ ದಾರ ಕಿವಿಯೋಲೆಗೆ ಸಿಕ್ಕಿ ಅವಳು ‘ಅಯ್ಯೋ’ ಅಂದದ್ದು ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು. ಕೊನೇ ಭಾಗದಲ್ಲಿ ಸ್ವಲ್ಪ ಓಡಿದ್ರು, ಇಲ್ಲ ಅನ್ನಲ್ಲ. ಮುಖ್ಯ ಅತಿಥಿಗಳು ನಡುವೆ ಎದ್ದು ಹೋದರು, ಅದು ನಮ್ಮ ತಪ್ಪಲ್ಲ.

ಹುಲಿಯ ಮುಂದಿನ ಜಾಗದಲ್ಲಿ ಒಂದೇ ದನಿ ಇಟ್ವಿ, ಮಾಸ್ತರು ಹೇಳಿದ ಹಾಗೆ. ಅರ್ಧ ಚಹಾ ಅವರಿಗೆ ಸಮಾಧಾನ ಆಗಲಿ. ಎಣಿಸೋ ಆಟದಲ್ಲಿ ‘ಎಂಟು’ ಅಂದ ಆ ನಾಲ್ಕನೇ ಕ್ಲಾಸಿನ ಹುಡುಗಿಯೇ ಹಾಡಿದ್ದು. ಉಳಿದವರು ಬಾಯಿ ಮುಚ್ಚಿ ಮ್ ಅಂತ ಶ್ರುತಿ ಹಿಡಿದಿದ್ರು. ಅವಳು ಎರಡನೇ ನುಡಿಗೆ ಉಸಿರು ಸಾಲದೆ ಒಂದು ಕ್ಷಣ ನಿಂತಳು. ನನ್ನ ಬಾಯಲ್ಲಿ ಲವಂಗ. ಮಕ್ಕಳು ಯಾರೂ ಅವಳ ಕಡೆ ತಿರುಗಿ ನೋಡಲಿಲ್ಲ, ಶ್ರುತಿ ಮಾತ್ರ ಬಿಡದೆ ನಿಂತ್ರು. ತಾಳ ಹಾಕ್ತಿದ್ದ ನಮ್ಮ ಒಡಕು ದನಿಯ ಹುಲಿ ಒಂದು ಸುತ್ತು ಏಳು ಸುಮ್ಮನೆ ಹಾಕಿದ, ಅವಳು ಮುಂದಿನ ಸುತ್ತಿಗೆ ಸರಿಯಾಗಿ ಹತ್ಕೊಂಡಳು. ನೋಡೋರಿಗೆ ಅದು ಹಾಗೇ ಇದೆ ಅನ್ನಿಸಿರಬೇಕು. ಹಾಗೆ ಮಾಡು ಅಂತ ಅವನಿಗೆ ನಾನು ಹೇಳಿಕೊಟ್ಟಿರಲಿಲ್ಲ.

ಕಾವೇರಿ ತೊಡರಿಕೊಂಡು ಬಂದಾಗ ಮೂರು ಸಲ ಚಪ್ಪಾಳೆ. ಅವರ ಮನೆಯಿಂದ ನಿಜವಾದ ಕಾವೇರಿಯನ್ನೂ ಮೈದಾನಕ್ಕೆ ಹೊಡ್ಕೊಂಡು ಬಂದಿದ್ರು.

ಪೆಟ್ಟಿಗೆ ಮಾಸ್ತರ · ಡಿಸೆಂಬರ್ 24, ರಾತ್ರಿ 11:02

ಆ ಹುಲಿ ಹುಡುಗನ್ನ ರಜಾದಾಗ ನನ್ನ ಕಡೆ ಕಳಸ್ರಿ. ಪೆಟ್ಟಿಗಿ ಕಲಸ್ತೀನಿ.

ಕಡೀಕ ಯಾವ ಶ್ರುತ್ಯಾಗ ನಿಂತಿರಿ?

ಮೂರನೇ ಬೆಂಚು · ಡಿಸೆಂಬರ್ 25, ಬೆಳಿಗ್ಗೆ 8:05

ಬಿಳಿ ಎರಡು. ಹುಡುಗನ ಮನೆಯವರನ್ನ ಕೇಳಿ ಹೇಳ್ತೀನಿ.

ಹೊಸ ಸಮಸ್ಯೆ ಒಂದಿದೆ. ಜನವರಿ 26ರ ಪಥಸಂಚಲನಕ್ಕೆ ಅಭ್ಯಾಸ ಶುರುವಾಗಿದೆ. ನಮ್ಮ ಮಕ್ಕಳು ಅಲ್ಲೂ ಏಳರಲ್ಲಿ ನಡೀತಿದ್ದಾರೆ, ಬಲ ಗಿಡ್ಡ ಎಡ ಉದ್ದ, ಎಲ್ಲರೂ ಒಟ್ಟಿಗೆ, ಒಬ್ಬರೂ ತಪ್ಪದೆ. ಪಿ.ಟಿ. ಮೇಷ್ಟ್ರು ಎರಡು ದಿನದಿಂದ ನನ್ನ ಜೊತೆ ಮಾತಾಡ್ತಿಲ್ಲ. ಏಳನ್ನ ಬಿಡಿಸೋದು ಹೇಗೆ ಅಂತ ಯಾರಿಗಾದ್ರೂ ಗೊತ್ತಾ?

ಚಂಡೆ ಕೋಲು · ಡಿಸೆಂಬರ್ 25, ಬೆಳಿಗ್ಗೆ 8:20

ಗೊತ್ತಿಲ್ಲ ಮಾರಾಯ್ರೆ. ನಮಗೆ ಕಲಿಸಲಿಕ್ಕೆ ಮಾತ್ರ ಬರುದು.